ಮುಂದಿನ ಶಾಕ್ ಗಟ್ಟಿ ಮಾಡಿಕೊಡಬಹುದೇ?



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಇವತ್ತಿನ ವಿಷಯ ಆಟೋದ ಮುಂದಿನ ಶಾಕ್ ಅಬ್ಸಾರ್ಬರ್. ಇದೇನು ಧಮ್ಮದ ಗುಂಪಿನಲ್ಲಿ ಗ್ಯಾರೇಜ್ ವಿಷಯ ಎಂದು ನಗಬೇಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನಮ್ಮವರಲ್ಲಿ ಆಟೋ ಓಡಿಸುವವರಿದ್ದಾರೆ, ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ದುಡಿಯುವವರಿದ್ದಾರೆ. ಉಳಿದ ನಾವೆಲ್ಲ ಅದೇ ಆಟೋ ಹತ್ತುವವರು. ಹಾಗಾಗಿ ಈ ಪ್ರಶ್ನೆ ಎಲ್ಲರದೂ ಹೌದು.

ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ಆಜೀವ ಬರುತ್ತದೆ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರ ಉಪಾಸಕರಿಗೆ ಸಲ್ಲದು ಎಂದು ಪಟ್ಟಿ ಹೇಳಿ ನಾವು ಮುಂದಿನ ಅಂಗಕ್ಕೆ ಹೋಗಿಬಿಡುತ್ತೇವೆ. ನಮ್ಮಲ್ಲಿ ಬಹಳ ಜನ ಈ ಐದರಲ್ಲಿ ಒಂದನ್ನೂ ಮಾರುವವರಲ್ಲ. ಅಂದಮೇಲೆ ನಮ್ಮ ಆಜೀವ ಸರಿಯಾಗಿದೆ ಎಂದು ಸಮಾಧಾನ. ಆದರೆ ಆ ಪಟ್ಟಿ ಪಾಠದ ಮೊದಲ ಪುಟ ಮಾತ್ರ. ಒಳ್ಳೆಯ ಕಸುಬನ್ನೇ ಹಿಡಿದವನು ಆ ಕಸುಬನ್ನು ಹೇಗೆ ಮಾಡುತ್ತಾನೆ ಎನ್ನುವುದು ಎರಡನೆಯ ಪುಟ.

*ಒಂದು ಸಂದರ್ಭ*

ಹೀಗೆ ಊಹಿಸಿಕೊಳ್ಳೋಣ. ಹಾಸನದ ಬಿ.ಎಂ. ರಸ್ತೆಯ ಬದಿಯ ಒಂದು ಸಣ್ಣ ಗ್ಯಾರೇಜ್. ಬೆಳಿಗ್ಗೆ ಒಬ್ಬ ಆಟೋ ಚಾಲಕ ಬರುತ್ತಾನೆ. ಅರಕಲಗೂಡು ಕಡೆಯ ಹಳ್ಳಿಗಳಿಗೆ ಟ್ರಿಪ್ ಹೊಡೆಯುವವನು. ಆಲೂಗಡ್ಡೆ ಬಿತ್ತನೆ, ಶುಂಠಿ ಕೀಳುವ ಕಾಲದಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಸಂಜೆ ಶಾಲೆ ಬಿಟ್ಟ ಮಕ್ಕಳು ಅವನ ಗಿರಾಕಿಗಳು.

"ಅಣ್ಣಾ, ಮುಂದೆ ಕುಸೀತಾ ಇದೆ. ಎರಡು ವಾಷರ್ ಹಾಕಿ ಶಾಕ್ ಗಟ್ಟಿ ಮಾಡಿಕೊಡು."

ಮೆಕ್ಯಾನಿಕ್ ಒತ್ತಿ ನೋಡುತ್ತಾನೆ. ಸ್ಪ್ರಿಂಗ್ ಸೋತಿಲ್ಲ. ಶಾಕ್‌ನಿಂದ ಆಯಿಲ್ ಸೋರುತ್ತಿಲ್ಲ. ಬುಷ್ ಸವೆದಿಲ್ಲ. ಹಾಗಾದರೆ ಕುಸಿಯುತ್ತಿರುವುದು ಏಕೆ? ಅದಕ್ಕೆ ಉತ್ತರ ಅವನಿಗೂ ಗೊತ್ತು, ಚಾಲಕನಿಗೂ ಗೊತ್ತು. ಹಿಂದೆ ಐವರು, ಮುಂದೆ ಚಾಲಕನ ಎಡಬಲಕ್ಕೆ ಒಬ್ಬೊಬ್ಬರು. ಸಾಮಾನ್ಯ ಪ್ರಯಾಣಿಕ ಆಟೋಗೆ ನಮ್ಮಲ್ಲಿ ಅನುಮತಿ ಇರುವುದು ಚಾಲಕನಲ್ಲದೆ ಮೂವರಿಗೆ.

ಕೆಲಸ ಅರ್ಧ ಗಂಟೆಯದು. ಸಿಗುವ ಕೂಲಿ ಸಣ್ಣದು. ಕಳ್ಳತನವಲ್ಲ, ಕೊಲೆಯಲ್ಲ. ಮಾಡಿಕೊಡಬಹುದೇ, ಬಾರದೇ?

ಉತ್ತರ ಹೇಳುವ ಮುಂಚೆ ಆ ಶಾಕ್ ಏನು ಕೆಲಸ ಮಾಡುತ್ತದೆ ಎಂದು ನೋಡೋಣ. ಇದ್ದದ್ದನ್ನು ಇದ್ದ ಹಾಗೆ ನೋಡುವುದು ನಮಗೆ ಕಲಿಸಿರುವ ಮೊದಲ ಪಾಠ. ಗಾಡಿಯ ವಿಷಯದಲ್ಲಿಯೂ ಅದೇ ಪಾಠ ಅನ್ವಯಿಸುತ್ತದೆ.

*ಆ ಒಂದು ಚಕ್ರದ ಕಥೆ*

ನಮ್ಮ ಆಟೋದ ವಂಶಮೂಲ ಇಟಲಿ. ಪಿಯಾಜಿಯೊ ಕಂಪನಿಯವರು 1948ರಲ್ಲಿ ತಮ್ಮ ವೆಸ್ಪಾ ಸ್ಕೂಟರಿನ ಮುಂಭಾಗಕ್ಕೆ, ಹಿಂದೆ ಎರಡು ಚಕ್ರದ ತೊಟ್ಟಿ ಜೋಡಿಸಿ 'ಆಪೆ' ಎಂಬ ಗಾಡಿ ಮಾಡಿದರು. ಆ ಭಾಷೆಯಲ್ಲಿ ಆಪೆ ಎಂದರೆ ಜೇನುನೊಣ. ಇಂದಿಗೂ ಆಟೋದ ಮುಂಭಾಗ ನೋಡಿದರೆ ಅದು ಸ್ಕೂಟರಿನದೇ. ಒಂದೇ ಚಕ್ರ, ಕೈಯಲ್ಲಿ ಹ್ಯಾಂಡಲ್, ಚಕ್ರದ ಪಕ್ಕ ಮೇಲೆ ಕೆಳಗೆ ಆಡುವ ಒಂದು ತೋಳು, ಆ ತೋಳಿಗೆ ಸುರುಳಿ ಸ್ಪ್ರಿಂಗ್ ಮತ್ತು ಶಾಕ್. ಅಂದರೆ ಆಟೋ ಎಂಬುದು ಸಂಸಾರ ಹೊತ್ತ ಮೂರು ಚಕ್ರದ ಮೋಟಾರ್ ಸೈಕಲ್.

ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಭಾರ ಹೊರುವುದು ಸ್ಪ್ರಿಂಗ್. ಗುಂಡಿ ಬಂದಾಗ ಅದು ಅಮುಕಿಕೊಂಡು ಪೆಟ್ಟನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆದರೆ ಇಟ್ಟುಕೊಂಡದ್ದನ್ನು ಹಾಗೆಯೇ ವಾಪಸ್ ಕೊಡುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಗಾಡಿ ಕುಣಿಯುತ್ತಲೇ ಇರುತ್ತದೆ. ಶಾಕ್‌ನೊಳಗಿನ ಆಯಿಲ್ ಸಣ್ಣ ತೂತುಗಳಲ್ಲಿ ಕಷ್ಟಪಟ್ಟು ಹರಿದು, ಆ ಕುಣಿತವನ್ನು ಶಾಖ ಮಾಡಿ ಕಳೆದುಬಿಡುತ್ತದೆ. ಆಗ ಚಕ್ರ ನೆಲ ಬಿಡುವುದಿಲ್ಲ. ಚಕ್ರ ನೆಲದ ಮೇಲಿದ್ದರೆ ಮಾತ್ರ ಹ್ಯಾಂಡಲ್ ಮಾತು ಕೇಳುತ್ತದೆ, ಬ್ರೇಕ್ ಹಿಡಿಯುತ್ತದೆ. ಆದ್ದರಿಂದ ಶಾಕ್ ಇರುವುದು ಸುಖವಾಗಿ ಕೂರಲಿಕ್ಕೆ ಎನ್ನುವುದು ಅರ್ಧ ಸತ್ಯ. ಅದರ ದೊಡ್ಡ ಕೆಲಸ ಚಕ್ರವನ್ನು ನೆಲಕ್ಕೆ ಹಿಡಿದಿಡುವುದು.

ಈಗ ವಾಷರ್ ವಿಷಯ. ಬೈಕಿನ ಹಿಂದಿನ ಶಾಕ್‌ನಲ್ಲಿ ತಿರುಗಿಸುವ ಮೆಟ್ಟಿಲುಗಳಿರುತ್ತವೆ. ಆಟೋದ ಮುಂದೆ ಸಾಮಾನ್ಯವಾಗಿ ಅದಿಲ್ಲದ ಕಾರಣ ಸ್ಪ್ರಿಂಗ್ ತುದಿಗೆ ವಾಷರ್ ಇಟ್ಟು ಬಿಗಿ ಮಾಡುತ್ತಾರೆ. ಇದನ್ನೇ 'ಗಟ್ಟಿ ಮಾಡುವುದು' ಎನ್ನುತ್ತೇವೆ. ಆದರೆ ಸ್ಪ್ರಿಂಗ್ ಇದರಿಂದ ಗಟ್ಟಿಯಾಗುವುದಿಲ್ಲ! ಲೆಕ್ಕಕ್ಕೆ, 20 ಕಿಲೋ ಭಾರಕ್ಕೆ 1 ಸೆಂಟಿಮೀಟರ್ ಕುಸಿಯುವ ಸ್ಪ್ರಿಂಗ್ ಎಂದುಕೊಳ್ಳಿ. ಗಾಡಿಯ ಭಾರ ಬಿದ್ದ ಮೇಲೆ, ವಾಷರ್ ಇದ್ದರೂ ಇಲ್ಲದಿದ್ದರೂ, ಮತ್ತೆ ಸೇರುವ ಪ್ರತಿ 20 ಕಿಲೋಗೆ ಅದು 1 ಸೆಂಟಿಮೀಟರ್ ಕುಸಿಯುತ್ತದೆ. ಬದಲಾದದ್ದು ಕುಸಿತ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಮಾತ್ರ. ಗಾಡಿಯ ಮೂತಿ ಮೇಲೆದ್ದಿತು, ಅಷ್ಟೆ. ಶಾಕ್‌ನೊಳಗಿನ ಆಯಿಲ್ ಅದೇ, ಟೈರ್ ಅದೇ, ಬ್ರೇಕ್ ಅದೇ, ಹ್ಯಾಂಡಲ್ ಹೊತ್ತ ಬೇರಿಂಗ್ ಅದೇ. ಭಾರ ಹೊರುವ ಶಕ್ತಿ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಜನ ಇಳಿದು ಖಾಲಿ ಗಾಡಿ ವಾಪಸ್ ಬರುವಾಗ ಇನ್ನೂ ಕಷ್ಟ. ಮೂತಿ ಎತ್ತಿ ನಿಂತ ಗಾಡಿಯಲ್ಲಿ ಚಕ್ರಕ್ಕೆ ಗುಂಡಿಯೊಳಕ್ಕೆ ಇಳಿಯಲು ಜಾಗ ಉಳಿದಿರುವುದಿಲ್ಲ. ಅದು ನೆಲ ಬಿಟ್ಟು ನೆಗೆಯುತ್ತದೆ.

ಇನ್ನೊಂದು ಸಂಗತಿ. ಮೂರು ಕಾಲಿನ ಸ್ಟೂಲ್ ಮೇಲೆ ಕುಳಿತು ನೋಡಿ. ಎರಡು ಕಾಲಿನ ನಡುವಿನ ಕಡೆ ಭಾರ ಇದ್ದರೆ ಭದ್ರ. ಒಂಟಿ ಕಾಲಿನ ಕಡೆ ಸರಿದು, ಸ್ವಲ್ಪ ಪಕ್ಕಕ್ಕೆ ವಾಲಿದರೆ ಉರುಳುತ್ತೀರಿ. ಆಟೋ ಕೂಡ ಹಾಗೆಯೇ. ಹಿಂದೆ ಅಗಲ, ಮುಂದೆ ಚೂಪು. ಚಾಲಕನ ಎಡಬಲದಲ್ಲಿ ಕೂತವರು ಆ ಚೂಪು ತುದಿಯ ಕಡೆ, ಅದೂ ಅಂಚಿನಲ್ಲಿ ಕೂತವರು. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಎಲ್ಲರ ಭಾರ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ತಳ್ಳುತ್ತದೆ. ಪಕ್ಕಕ್ಕೆ ವಾಲುವುದನ್ನು ತಡೆಯುವ ಕೆಲಸ ಹಿಂದಿನ ಎರಡು ಚಕ್ರಗಳದು. ಮುಂದಿನ ಒಂಟಿ ಚಕ್ರ ಎಷ್ಟೇ ಬಿಗಿಯಾಗಿದ್ದರೂ ಅದಕ್ಕೆ ಸಹಾಯ ಮಾಡಲಾರದು. ಒಂದು ಕಾಲಿನ ಮೇಲೆ ನಿಂತವನು ಮೊಣಕಾಲು ಬಿಗಿ ಮಾಡಿಕೊಂಡ ಮಾತ್ರಕ್ಕೆ ಬೀಳುವುದು ತಪ್ಪುತ್ತದೆಯೇ?

*ಕುಸಿತ ಎಂಬ ಮಾತು*

ಈಗ ಮೆಕ್ಯಾನಿಕ್‌ನ ಮುಂದಿರುವ ಪ್ರಶ್ನೆ ಸ್ಪಷ್ಟವಾಗುತ್ತದೆ. ಆ ಗಾಡಿಯ ಮೂತಿ ಕುಸಿಯುತ್ತಿತ್ತಲ್ಲ, ಅದು ರೋಗವಲ್ಲ. ಅದು ಗಾಡಿ ಆಡುತ್ತಿದ್ದ ಮಾತು. "ನನಗೆ ಭಾರ ಹೆಚ್ಚಾಯಿತು" ಎಂದು ಅದು ತನಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಹೇಳುತ್ತಿತ್ತು. ದೂರದಿಂದ ನೋಡಿದವರಿಗೂ ಕಾಣುತ್ತಿತ್ತು. ಹತ್ತುವ ಮುಂಚೆ ಒಬ್ಬ ತಾಯಿ ನೋಡಿ, "ಅಯ್ಯೋ, ಬೇಡಪ್ಪ, ಇದು ನೆಲಕ್ಕೆ ತಾಗುತ್ತೆ, ಮುಂದಿನ ಗಾಡಿಗೆ ಬರ್ತೀವಿ" ಎನ್ನಬಹುದಿತ್ತು. ವಾಷರ್ ಹಾಕಿದ ಮೇಲೆ ಗಾಡಿ ಸಮವಾಗಿ ನಿಲ್ಲುತ್ತದೆ. ಏಳು ಜನರನ್ನು ಹೊತ್ತರೂ ಮೂವರನ್ನು ಹೊತ್ತ ಹಾಗೆ ಕಾಣುತ್ತದೆ. ಅಪಾಯ ಇದ್ದಲ್ಲೇ ಇದೆ, ಎಚ್ಚರಿಕೆ ಮಾತ್ರ ಹೋಯಿತು.

ನಾಲ್ಕನೆಯ ಶೀಲ ಸುಳ್ಳು ಹೇಳದಿರುವುದು. ನಾವು ಅದನ್ನು ಬಾಯಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡಿದ್ದೇವೆ. ಆದರೆ ಎದುರಿಗಿರುವವರು ಸುಳ್ಳನ್ನು ನಿಜವೆಂದು ನಂಬುವ ಹಾಗೆ ಬೇಕೆಂದೇ ಒಂದು ವಸ್ತುವನ್ನು ತಯಾರಿಸಿ ನಿಲ್ಲಿಸಿದರೆ ಅದೂ ಸುಳ್ಳೇ ಅಲ್ಲವೇ? ತಕ್ಕಡಿ ಕೆಳಗೆ ಹುಣಸೆಹಣ್ಣು ಮೆತ್ತಿದ ಅಂಗಡಿಯವನು ಬಾಯಿ ಬಿಟ್ಟು ಒಂದು ಮಾತೂ ಆಡುವುದಿಲ್ಲ. *ಸ್ಪ್ಯಾನರ್‌ಗೂ ನಾಲಿಗೆ ಇದೆ.*

ಹಾಗೆಂದು ಶಾಕ್ ಮುಟ್ಟುವುದೆಲ್ಲ ತಪ್ಪು ಎಂದಲ್ಲ. ಸ್ಪ್ರಿಂಗ್ ನಿಜವಾಗಿ ಸೋತಿದ್ದರೆ ಬದಲಿಸಲೇಬೇಕು. ಮೂತಿ ಒತ್ತಿ ಬಿಟ್ಟಾಗ ಗಾಡಿ ಮತ್ತೆ ಮತ್ತೆ ಕುಣಿದರೆ ಶಾಕ್ ಹೋಗಿದೆ ಎಂದರ್ಥ, ಹೊಸದು ಹಾಕಬೇಕು. ಆ ರಿಪೇರಿ ಗಾಡಿಯನ್ನು ಅದು ಇರಬೇಕಾದ ಸ್ಥಿತಿಗೆ ತರುತ್ತದೆ. ಅದೇ ಕೈ, ಅದೇ ಸ್ಪ್ಯಾನರ್, ಅದೇ ನಟ್ಟು. ಒಂದು ರಿಪೇರಿ, ಇನ್ನೊಂದು ಮರೆಮಾಚುವಿಕೆ. ನೋಡುವವರಿಗೆ ಎರಡೂ ಒಂದೇ. ವ್ಯತ್ಯಾಸ ಗೊತ್ತಿರುವುದು ಮಾಡುವವನಿಗೆ ಮಾತ್ರ.

*ಪಚೇತನ ರಾಜನ ರಥಕಾರ*

ಭಗವಾನರು ವಾರಾಣಸಿಯ ಇಸಿಪತನದಲ್ಲಿ ಹೇಳಿದ ಒಂದು ಕಥೆ ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಪಚೇತನ ಎಂಬ ರಾಜ ತನ್ನ ರಥಕಾರನನ್ನು ಕರೆದು, ಆರು ತಿಂಗಳಿಗೆ ಯುದ್ಧವಿದೆ, ಹೊಸ ಗಾಲಿ ಒಂದು ಜೊತೆ ಬೇಕು ಎಂದ. ಆರು ತಿಂಗಳಿಗೆ ಆರು ದಿನ ಉಳಿದಾಗ ಮುಗಿದಿದ್ದದ್ದು ಒಂದೇ ಗಾಲಿ. ರಾಜ ಅವಸರ ಮಾಡಿದ. ಉಳಿದ ಆರು ದಿನದಲ್ಲಿ ರಥಕಾರ ಎರಡನೆಯದನ್ನೂ ಮುಗಿಸಿ ತಂದ.

ರಾಜ ಎರಡನ್ನೂ ನೋಡಿದ. ಅವನಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ವ್ಯತ್ಯಾಸ ಇದೆ ಎಂದು ರಥಕಾರನೇ ತೋರಿಸಿದ. ಆರು ದಿನದ ಗಾಲಿಯನ್ನು ಉರುಳಿಸಿದ. ತಳ್ಳಿದ ಬಲ ಇರುವವರೆಗೆ ಓಡಿ, ಓಲಾಡಿ ಬಿದ್ದಿತು. ಇನ್ನೊಂದನ್ನು ಉರುಳಿಸಿದ. ಬಲ ಮುಗಿದ ಜಾಗದಲ್ಲಿ ಅಚ್ಚಿಗೆ ಕೂರಿಸಿದ ಹಾಗೆ ನಿಂತಿತು. ಬಿದ್ದ ಗಾಲಿಯ ಪಟ್ಟಿಯಲ್ಲಿ, ಅರೆಕಾಲುಗಳಲ್ಲಿ, ಗುಂಬದಲ್ಲಿ ಸೊಟ್ಟ ಉಳಿದಿತ್ತು. ಕಾಯ, ವಾಚಾ, ಮನಸ್ಸಿನ ಸೊಟ್ಟವೂ ಹಾಗೆಯೇ ಬೀಳಿಸುತ್ತದೆ ಎಂದು ಭಗವಾನರು ಭಿಕ್ಖುಗಳಿಗೆ ಹೇಳಿದರು. ಆ ರಥಕಾರ ಹಿಂದೆ ತಾವೇ ಆಗಿದ್ದೆವು ಎಂದೂ ಕಥೆಯಲ್ಲಿ ಬರುತ್ತದೆ. ಹಿಂದಿನ ಜನ್ಮದ ಮಾತನ್ನು ನಮ್ಮಲ್ಲಿ ಕೆಲವರು ಒಪ್ಪುವುದಿಲ್ಲ, ಇರಲಿ. ಬೋಧಿಸತ್ತನ ಪಾತ್ರಕ್ಕೆ ಒಬ್ಬ ಕೈಕಸುಬಿನವನನ್ನು ಆರಿಸಿದ್ದು ನಮಗೆ ಸಾಕು.

ಈ ಕಥೆಯಲ್ಲಿ ನಾವು ಗಮನಿಸದೆ ದಾಟುವ ಒಂದು ಸಂಗತಿ ಇದೆ. ರಾಜ ಕೇಳಿದ್ದು ಒಂದು ಜೊತೆ ಗಾಲಿ. ರಥಕಾರ ಕೊಟ್ಟ. ಎರಡಕ್ಕೂ ಏನು ವ್ಯತ್ಯಾಸ, ನನಗೇನೂ ಕಾಣುವುದಿಲ್ಲ ಎಂದು ರಾಜ ಕೇಳಿದ. ವ್ಯತ್ಯಾಸವೇನೂ ಇಲ್ಲ ಎಂದುಬಿಡಬಹುದಿತ್ತು. ಆದರೂ ರಥಕಾರ ಮುಚ್ಚಿಡದೆ ಸೊಟ್ಟವನ್ನು ಬಯಲಿಗೆ ತಂದ. ತಾನು ಮಾಡಿದ ಗಾಲಿಯೇ ಬೀಳುವುದನ್ನು ರಾಜನ ಕಣ್ಣೆದುರು ತೋರಿಸಿದ. ಗಿರಾಕಿಗೆ ಕಾಣದ್ದು ಕಸುಬಿನವನಿಗೆ ಕಾಣುತ್ತದೆ. ಕಂಡವನ ಮೇಲೆ ಹೇಳುವ ಹೊಣೆ ಬೀಳುತ್ತದೆ.

*ಎದುರು ವಾದಗಳು*

ಈಗ ಗುಂಪಿನಲ್ಲಿ ಕೆಲವರ ಮನಸ್ಸಿನಲ್ಲಿ ಏಳುವ ಮಾತುಗಳು ಕೇಳಿಸುತ್ತಿವೆ. ಅವು ಹಗುರವಾದ ಮಾತುಗಳಲ್ಲ.

ಮೊದಲನೆಯದು: *"ಚಾಲಕನೂ ಬಡವನೇ."* ನಿಜ. ಗಾಡಿಯ ಸಾಲದ ಕಂತು ತಿಂಗಳ ತಿಂಗಳ ಕಟ್ಟಬೇಕು. ಮೂವರನ್ನೇ ಕೂರಿಸಿಕೊಂಡು ಹೋದರೆ ಹಳ್ಳಿ ದಾರಿಯಲ್ಲಿ ಡೀಸೆಲ್‌ಗೂ ಗಿಟ್ಟುವುದಿಲ್ಲ ಎನ್ನುತ್ತಾನೆ. ಅವನು ಹೇಳುವ ಕಷ್ಟ ಸುಳ್ಳಲ್ಲ. ಆದರೆ ಅವನ ಕಷ್ಟವನ್ನು ಈ ವಾಷರ್ ಎಲ್ಲಿಗೆ ಸಾಗಿಸುತ್ತದೆ ಎಂದು ನೋಡಿ. ಅವನ ಕಂತಿನ ಭಾರ ಕೂಲಿ ಹೆಂಗಸಿನ ಬೆನ್ನುಮೂಳೆಯ ಮೇಲೆ, ಮಗುವಿನ ತಲೆಯ ಮೇಲೆ ಹೋಗಿ ಕೂರುತ್ತದೆ. ಒಬ್ಬ ಬಡವನ ಕಷ್ಟ ಇನ್ನೊಬ್ಬ ಬಡವನ ಮೈಮೇಲೆ ಇಳಿಯಿತು. ಚಾಲಕನಿಗೂ ಅದು ಉಪಕಾರವಲ್ಲ. ಗಾಡಿ ಮಗುಚಿದರೆ ಮೊದಲು ಅಡಿಗೆ ಸಿಗುವವನು ಅವನೇ.

ವಿಮೆಯ ವಿಷಯವೂ ತಿಳಿದಿರಲಿ. 2007ರಲ್ಲಿ ಸುಪ್ರೀಂ ಕೋರ್ಟ್ ಒಂದು ಬಸ್ ಅಪಘಾತದ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಎಷ್ಟು ಜನರಿಗೆ ವಿಮೆ ಮಾಡಿಸಿದೆಯೋ ಅಷ್ಟು ಜನರ ಮಟ್ಟಿಗೆ ಮಾತ್ರ ವಿಮಾ ಕಂಪನಿಯ ಹೊಣೆ, ಮಿಕ್ಕದ್ದು ಮಾಲೀಕನ ಹೊಣೆ, ಕಂಪನಿ ಕಟ್ಟಿದ ಹಣವನ್ನು ಎಲ್ಲ ಸಂತ್ರಸ್ತರ ನಡುವೆ ಪಾಲು ಮಾಡಬೇಕು ಎಂದು. ಅಂದರೆ ಮೂವರ ಹಣ ಏಳು ಮನೆಗಳಿಗೆ ಹಂಚಿಹೋಗುತ್ತದೆ. ಉಳಿದದ್ದಕ್ಕೆ ಆ ಚಾಲಕನ ಗುಡಿಸಲು, ಗಾಡಿ ಹರಾಜಾದರೂ ಸಾಲದು.

ಎರಡನೆಯದು: *"ಹತ್ತುವವರೇ ಬೇಡಿಕೊಂಡು ಹತ್ತುತ್ತಾರೆ."* ಇದೂ ನಿಜ. ಸಂಜೆಯ ಕೊನೆಯ ಬಸ್ ಹೋದ ಮೇಲೆ ಕೊಣನೂರಿನಲ್ಲೋ ರಾಮನಾಥಪುರದಲ್ಲೋ ನಿಂತ ಹೆಂಗಸಿಗೆ "ಇಲ್ಲಮ್ಮ, ನೀನು ನಾಲ್ಕನೆಯವಳು" ಎಂದು ಹೇಳಿ ಕತ್ತಲಲ್ಲಿ ಬಿಟ್ಟು ಹೋಗುವುದು ಶೀಲವೇ? ಅಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಕಲಸಬಾರದು. ಒಂದು ಸಂಜೆ, ಒಬ್ಬಳು ಹೆಂಗಸು, ನಿಧಾನವಾಗಿ ಓಡಿಸಿ ಮನೆ ಮುಟ್ಟಿಸುವುದು ಒಂದು. ದಿನಾ ಏಳು ಜನರನ್ನು ತುಂಬುವುದಕ್ಕೆಂದೇ ಗಾಡಿಯನ್ನು ತಿದ್ದಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ತುರ್ತು, ಎರಡನೆಯದು ವ್ಯಾಪಾರ. ಇನ್ನೂ ಒಂದು ಮಾತಿದೆ. ಹತ್ತುವವರು ಒಪ್ಪಿದ್ದು ಇಕ್ಕಟ್ಟಿಗೆ. ಇಕ್ಕಟ್ಟು ಅವರ ಕಣ್ಣಿಗೆ ಕಾಣುತ್ತದೆ. ವಾಷರ್ ಕಾಣುವುದಿಲ್ಲ. ಗೊತ್ತಿಲ್ಲದ್ದಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಬೇರೆ ದಾರಿ ಇಲ್ಲದವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆದು ಸಾವಿರಾರು ವರ್ಷ ನಮ್ಮ ಹಿರಿಯರಿಂದ ಏನೇನು ಮಾಡಿಸಿಕೊಂಡರು ಎಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಮೂರನೆಯದು: *"ಮಧ್ಯಮ ಮಾರ್ಗ ಎಂದರೆ ಸ್ವಲ್ಪ ಹೊಂದಿಕೊಂಡು ಹೋಗುವುದಲ್ಲವೇ? ಏಳು ಬೇಡ, ಐದು ಇರಲಿ."* ವೀಣೆಯ ತಂತಿಯನ್ನು ತೀರ ಬಿಗಿಯಬಾರದು, ತೀರ ಸಡಿಲ ಬಿಡಬಾರದು ಎಂದು ಭಗವಾನರು ಸೋಣನಿಗೆ ಹೇಳಿದ್ದು ನಮಗೆಲ್ಲ ಗೊತ್ತು. ಆದರೆ ತಂತಿಯ ಸರಿಯಾದ ಬಿಗಿತ ಚೌಕಾಸಿಯಿಂದ ಸಿಕ್ಕಿದ್ದಲ್ಲ. ನಾದ ಸರಿ ಹೊರಡುವುದು ಎಲ್ಲೋ ಅದೇ ಸರಿ ಬಿಗಿತ. ಮಧ್ಯಮ ಎಂದರೆ ಸರಿಗೂ ತಪ್ಪಿಗೂ ನಡುವೆ ಅರ್ಧ ದಾರಿ ಅಲ್ಲ. ಶಾಕ್‌ಗೂ ಸರಿಯಾದ ಸ್ಥಿತಿ ಇದೆ. ಚಕ್ರ ನೆಲ ಬಿಡದ ಸ್ಥಿತಿ ಅದು. ಅದನ್ನು ನಿಶ್ಚಯಿಸುವುದು ಗಾಡಿ, ರಸ್ತೆ, ಭಾರ. ನಮ್ಮ ಅನುಕೂಲ ಅಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಕಷ್ಟದ್ದು: *"ನಾನು ಮಾಡದಿದ್ದರೆ ಪಕ್ಕದ ಗ್ಯಾರೇಜಿನವನು ಮಾಡುತ್ತಾನೆ. ನನ್ನ ಗಿರಾಕಿ ಹೋಯಿತು, ವಾಷರ್ ಬಿತ್ತು. ಏನು ಬಂತು?"* ಇದಕ್ಕೆ "ನನ್ನ ಕೈ ಶುದ್ಧವಾಗಿದೆಯಲ್ಲ" ಎಂಬ ಉತ್ತರ ಸಾಲದು. ಕೈ ತೊಳೆದುಕೊಂಡು ಕೂರುವುದು ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮವಲ್ಲ. ಈ ಪ್ರಶ್ನೆಗೆ ಕೊನೆಯಲ್ಲಿ ಬರೋಣ. ಅದಕ್ಕೂ ಮುಂಚೆ ಬಾಬಾಸಾಹೇಬರ ಜೀವನದ ಒಂದು ಗಾಡಿಯ ಘಟನೆ.

*ಚಾಳೀಸಗಾಂವ್ ಸೇತುವೆ*

1929. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬೈ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರು. ಖಾನದೇಶ ಪ್ರವಾಸದಲ್ಲಿ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿನ ನಮ್ಮ ಜನ ಬಂದು, ಒಂದು ರಾತ್ರಿ ನಮ್ಮ ಕೇರಿಯಲ್ಲಿ ಉಳಿಯಿರಿ ಎಂದು ಕೇಳಿಕೊಂಡರು. ಕೇರಿ ನಡೆದು ಹೋಗುವಷ್ಟು ಹತ್ತಿರ. ಆದರೂ ಗಾಡಿ ತರಲು ಒಂದು ಗಂಟೆಗೂ ಹೆಚ್ಚು ಕಾಯಿಸಿದರು. ಕೊನೆಗೆ ಟಾಂಗಾ ಬಂತು. ಸ್ವಲ್ಪ ದೂರ ಹೋಗುವಷ್ಟರಲ್ಲೇ ಒಂದು ಕಾರಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಹೊಳೆಯ ಮೇಲಿನ ಸೇತುವೆಗೆ ತಿರುಗುವಾಗ ಚಕ್ರ ಪಕ್ಕದ ಕಲ್ಲಿಗೆ ಬಡಿದು ಬಾಬಾಸಾಹೇಬರು ಎಗರಿ ಕಲ್ಲುಹಾಸಿನ ಮೇಲೆ ಬಿದ್ದರು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಬಾಬಾಸಾಹೇಬರಿಗೆ ಪ್ರಜ್ಞೆ ತಪ್ಪಿತು, ಕಾಲು ಮುರಿಯಿತು.

ಆಮೇಲೆ ವಿಷಯ ತಿಳಿಯಿತು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಊರಿನ ಯಾವ ಟಾಂಗಾದವನೂ ಒಪ್ಪಿರಲಿಲ್ಲ. ಅತಿಥಿ ನಡೆದು ಬಂದರೆ ಅವಮಾನ ಎಂದು ನಮ್ಮ ಜನ ಟಾಂಗಾವನ್ನು ಮಾತ್ರ ಬಾಡಿಗೆಗೆ ತಂದು, ತಮ್ಮವನೊಬ್ಬನನ್ನು ಓಡಿಸಲು ಕೂರಿಸಿದರು. ಅವನು ಜೀವನದಲ್ಲಿ ಎಂದೂ ಟಾಂಗಾ ಓಡಿಸಿದವನಲ್ಲ. ಈ ಘಟನೆಯನ್ನು ಬಾಬಾಸಾಹೇಬರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಜಾತಿಯ ಕ್ರೌರ್ಯವನ್ನು ಅವರು ಬಿಡದೆ ಹೇಳುತ್ತಾರೆ. ಸಾಮಾನ್ಯ ಟಾಂಗಾದವನಿಗೂ ಓದಿದ ಬ್ಯಾರಿಸ್ಟರ್‌ಗಿಂತ ತಾನು ಮೇಲು ಎಂಬ ಭಾವ ಇತ್ತಲ್ಲ ಎಂದು. ಅದರ ಜೊತೆಗೇ ಇನ್ನೊಂದನ್ನೂ ಗುರುತಿಸುತ್ತಾರೆ. ಅತಿಥಿಯ ಘನತೆಯನ್ನು ಕಾಯುವ ಭರದಲ್ಲಿ, ಅತಿಥಿಯ ಪ್ರಾಣ ಅದಕ್ಕಿಂತ ದೊಡ್ಡದು ಎನ್ನುವುದನ್ನು ಜನ ಮರೆತರು ಎಂದು.

ಆ ಜನ ಕೆಟ್ಟವರಲ್ಲ. ಪ್ರೀತಿ ತುಂಬಿ ತುಳುಕುತ್ತಿತ್ತು. ಕೊರತೆ ಇದ್ದದ್ದು ಗಾಡಿಯ ತಿಳಿವಿನಲ್ಲಿ. ಪ್ರಜ್ಞೆ ಮತ್ತು ಕರುಣೆ ಧಮ್ಮದ ಎರಡು ಮೂಲೆಗಲ್ಲುಗಳು ಎಂದು ಬಾಬಾಸಾಹೇಬರು ಮುಂದೆ ತಮ್ಮ ದೊಡ್ಡ ಗ್ರಂಥದಲ್ಲಿ ಹೇಳಿದಾಗ, ಆ ಸೇತುವೆ ಅವರಿಗೆ ನೆನಪಾಯಿತೋ ಇಲ್ಲವೋ, ನಮಗೆ ನೆನಪಾಗಬೇಕು. ಕರುಣೆ ಒಂದೇ ಗಾಡಿ ಓಡಿಸಲಾರದು. "ಪಾಪ, ಬಡ ಚಾಲಕ" ಎಂದು ವಾಷರ್ ಹಾಕಿಕೊಡುವ ಮೆಕ್ಯಾನಿಕ್‌ನಲ್ಲಿಯೂ ಕರುಣೆ ಇದೆ. ಅದು ಎದುರಿಗೆ ನಿಂತವನ ಮುಖ ನೋಡಿದೆ. ನಾಳೆ ಆ ಗಾಡಿ ಹತ್ತುವ ಏಳು ಮುಖಗಳನ್ನು ನೋಡಿಲ್ಲ. ಕಾಣದ ಮುಖವನ್ನೂ ಕಾಣುವ ಹಾಗೆ ಮಾಡುವುದೇ ಪ್ರಜ್ಞೆಯ ಕೆಲಸ.

*ಹಾಗಾದರೆ ರಸ್ತೆ ಯಾರದು?*

ಈಗ ನಾಲ್ಕನೆಯ ಪ್ರಶ್ನೆಗೆ. ಮೆಕ್ಯಾನಿಕ್ ಒಬ್ಬನೇ ಬೇಡ ಎಂದರೆ ಏನು ಬಂತು?

ಮೊದಲು ನ್ಯಾಯವಾಗಿ ಒಂದು ಮಾತು ಹೇಳಬೇಕು. ಏಳು ಜನ ಒಂದು ಆಟೋದಲ್ಲಿ ತುಂಬಿಕೊಳ್ಳುವ ಸ್ಥಿತಿ ಬಂದದ್ದು ಮೆಕ್ಯಾನಿಕ್‌ನಿಂದಲ್ಲ. ಆ ಹೊತ್ತಿಗೆ ಬಸ್ ಇಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯದಾಯಿತು. ಆದರೆ ಬಸ್ಸೇ ಬಾರದ ದಾರಿಯಲ್ಲಿ ಆ ಟಿಕೆಟ್ ಯಾರಿಗೆ? ರಸ್ತೆಯ ಗುಂಡಿ ಮುಚ್ಚದೆ, ಬಸ್ ಬಿಡದೆ, ಕೂಲಿಗೆ ಕರೆದುಕೊಂಡು ಹೋಗುವ ಜಮೀನುದಾರ ಗಾಡಿ ಖರ್ಚು ಕೊಡದೆ, ಎಲ್ಲ ಪೆಟ್ಟೂ ಕೊನೆಗೆ ಒಂದು ಸ್ಪ್ರಿಂಗ್ ಮೇಲೆ ಬಂದು ಕೂರುತ್ತದೆ. ಸ್ಪ್ರಿಂಗ್ ತಾಳಲಾರದ್ದು ಹೆಣ್ಣುಮಕ್ಕಳ ಸೊಂಟಕ್ಕೆ ಬರುತ್ತದೆ. ಈ ಸಮಾಜ ತನ್ನ ಕುಲುಕಾಟವನ್ನೆಲ್ಲ ತಡೆದುಕೊಳ್ಳಲು ನಮ್ಮ ಮೈಯನ್ನೇ ಶಾಕ್ ಅಬ್ಸಾರ್ಬರ್ ಮಾಡಿಕೊಂಡಿದೆ.

ಇಲ್ಲಿ ಉಪೇಕ್ಷೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ತೊಲಗಬೇಕು. ಸಮಚಿತ್ತ ಎಂದರೆ ಎಷ್ಟು ಗುಂಡಿ ಬಂದರೂ ತಡೆದುಕೊಂಡು ಸುಮ್ಮನಿರುವುದು ಎಂದು ಕೆಲವರು ಪಾಠ ಹೇಳುತ್ತಾರೆ. ಶಾಕ್ ಹಾಗೆ ಹೇಳುವುದಿಲ್ಲ. ಅದು ಪೆಟ್ಟು ತಡೆಯುವುದು ಚಕ್ರ ನೆಲ ಬಿಡದಿರಲಿ, ಹ್ಯಾಂಡಲ್ ನಮ್ಮ ಕೈಯಲ್ಲಿರಲಿ, ಹೋಗಬೇಕಾದ ಊರಿಗೆ ಹೋಗಲಿ ಎಂದು. ಮನಸ್ಸಿನ ಸಮತೋಲವೂ ಅದಕ್ಕಾಗಿಯೇ. ಕೋಪದಲ್ಲಿ ಕುಣಿಯದೆ, ಹೆದರಿ ಕುಸಿಯದೆ, ಗುಂಡಿ ಮುಚ್ಚಿಸುವ ಅರ್ಜಿಯನ್ನು ನಡುಗದ ಕೈಯಲ್ಲಿ ಬರೆಯಲಿಕ್ಕಾಗಿ.

ಆದ್ದರಿಂದ ಮೆಕ್ಯಾನಿಕ್ ಬೇಡ ಎನ್ನುವುದು ಮೊದಲ ಹೆಜ್ಜೆ. ಎರಡನೆಯದು, ಏಕೆ ಬೇಡ ಎಂದು ಚಾಲಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳುವುದು. ಬೈದು ಕಳಿಸುವುದಲ್ಲ. ವಾಷರ್ ಗಟ್ಟಿ ಮಾಡುವುದಿಲ್ಲ, ಮೂತಿ ಮಾತ್ರ ಎತ್ತುತ್ತದೆ ಎಂದು ಮೇಲೆ ಹೇಳಿದ ಲೆಕ್ಕ ಬಹಳ ಚಾಲಕರಿಗೆ ಗೊತ್ತಿಲ್ಲ. ಗೊತ್ತಾದರೆ ಹತ್ತರಲ್ಲಿ ಒಬ್ಬ ಬದಲಾದರೂ ಒಂದು ಗಾಡಿ ಬದಲಾಯಿತು. ಮುಂದಿನ ಅಂಚಿನ ಎರಡು ಜನರನ್ನು ಇವತ್ತೇ ಇಳಿಸಿದರೂ ಉರುಳುವ ಅಪಾಯ ತಕ್ಷಣ ಕಡಿಮೆಯಾಗುತ್ತದೆ ಎಂದು ಹೇಳಬಹುದು. ಮೂರನೆಯದು, ಅದೇ ರಸ್ತೆಯ ನಾಲ್ಕು ಗ್ಯಾರೇಜಿನವರು ಒಟ್ಟಿಗೆ ಟೀ ಕುಡಿಯುತ್ತಾ, "ಈ ಕೆಲಸ ನಾವು ಯಾರೂ ಮಾಡುವುದು ಬೇಡ" ಎಂದು ಮಾತಾಡಿಕೊಳ್ಳುವುದು. ಒಬ್ಬನ ಶೀಲ ಅವನ ಹೊಟ್ಟೆ ಹೊಡೆಯುತ್ತದೆ. ನಾಲ್ವರ ಶೀಲ ಊರಿನ ಪದ್ಧತಿಯಾಗುತ್ತದೆ. ಸಂಘ ಎಂಬ ರತ್ನ ಇರುವುದು ವಂದನೆಯಲ್ಲಿ ಹೆಸರು ಹೇಳುವುದಕ್ಕೆ ಮಾತ್ರ ಅಲ್ಲ.

ನಾಲ್ಕನೆಯದು ಹತ್ತುವವರಾದ ನಮ್ಮ ಕೆಲಸ. ಯಾವ ಹಳ್ಳಿಗೆ ಎಷ್ಟು ಗಂಟೆಗೆ ಬಸ್ ಬೇಕು, ಎಷ್ಟು ಜನ ನಿಂತಿರುತ್ತಾರೆ ಎಂದು ಒಂದು ವಾರ ಎಣಿಸಿ ಬರೆದು, ಸಹಿ ಮಾಡಿ, ಸಾರಿಗೆ ಡಿಪೋಗೂ ಗ್ರಾಮ ಪಂಚಾಯಿತಿಗೂ ಕೊಡುವುದು. ಬಸ್ ನಾಳೆಯೇ ಬರುತ್ತದೆ ಎಂದು ಯಾರೂ ಹೇಳಲಾರರು. ಆದರೆ ಕೇಳದ ಬಸ್ ಖಂಡಿತ ಬರುವುದಿಲ್ಲ. ಬರುವವರೆಗೂ ಮೆಕ್ಯಾನಿಕ್‌ಗೆ ನಷ್ಟ, ಚಾಲಕನಿಗೆ ನಷ್ಟ, ನಮಗೆ ಕಾಯುವ ಕಷ್ಟ. ಆ ನಷ್ಟವನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಳ್ಳೋಣ, ಏನೂ ಗೊತ್ತಿಲ್ಲದ ಒಂದು ಮಗುವಿನ ಮೇಲೆ ಪೂರ್ತಿ ಹಾಕುವುದು ಬೇಡ. ಈ ಚಿಂತನೆ ಹೇಳಲು ಹೊರಟದ್ದು ಇಷ್ಟೇ.

*ಇಂದಿನ ಅಭ್ಯಾಸ*

1. ನಿಮ್ಮ ಕಸುಬಿನಲ್ಲಿ, ಗಿರಾಕಿಗೆ ಕಾಣದ, ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಯಾವುದು? ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್‌ಗಳು, ಟೈಲರ್‌ಗಳು, ಶಿಕ್ಷಕರು, ನರ್ಸ್‌ಗಳು, ಗುಮಾಸ್ತರು ಎಲ್ಲರಿಗೂ ಒಂದು 'ವಾಷರ್' ಇದ್ದೇ ಇರುತ್ತದೆ. ಇವತ್ತು ಅದನ್ನು ಗುರುತಿಸಿ.

2. ಆಟೋ ಓಡಿಸುವ ಬಂಧುಗಳು ಇವತ್ತು ಹೊರಡುವ ಮುಂಚೆ ಮುಂದಿನ ಭಾಗವನ್ನು ಒಮ್ಮೆ ಒತ್ತಿ ಬಿಡಿ. ಮತ್ತೆ 2-3 ಸಲ ಕುಣಿದರೆ ಶಾಕ್ ತೋರಿಸಿ. ಟೈರ್ ಗಾಳಿ ನೋಡಿ.

3. ಆಟೋ ಹತ್ತುವವರು ಚಾಲಕನ ಪಕ್ಕದ ಅಂಚಿನಲ್ಲಿ ಮಕ್ಕಳನ್ನು ಕೂರಿಸಬೇಡಿ. ಯಾರಾದರೂ ಕೂರಿಸಿದ್ದರೆ ಸಮಾಧಾನದಿಂದ ಒಂದು ಮಾತು ಹೇಳಿ.

4. ನಿಮ್ಮ ದಾರಿಯಲ್ಲಿ ಯಾವ ಹೊತ್ತಿಗೆ ಬಸ್ ಇಲ್ಲ ಎನ್ನುವುದನ್ನು ಬರೆದಿಟ್ಟುಕೊಂಡು ಭಾನುವಾರದ ವಂದನೆಗೆ ಬನ್ನಿ. ಅರ್ಜಿಯನ್ನು ಅಲ್ಲೇ ಕೂತು ಬರೆಯೋಣ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ 🙏 ಜೈ ಭೀಮ್ 💙

_ಓದಿ, ಮನೆಯವರಿಗೂ ಓದಿ ಹೇಳಿ. ಆಟೋ ಸ್ಟ್ಯಾಂಡಿನ ಗೆಳೆಯರಿಗೂ ಕಳಿಸಿ._